ಟೆಕ್ಸಸ್ ಊರ ನಡುವಿನ ಕೋರ್ಟ್‌ಹೌಸ್: ಕಟ್ಟಿದ ಬಗೆ, ಕೆಟ್ಟ ಬಗೆ

ಡಲ್ಲಾಸ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ವಾಕ್ಸಹ್ಯಾಚಿ ಎಂಬ ಊರಿದೆ. ಸುತ್ತಲಿನದು ಕಪ್ಪು ಎರೆಭೂಮಿ. ಧಾರವಾಡ, ಗದಗ ಸೀಮೆಯ ಎರೆಯಂತೆ ಅದೂ ಹತ್ತಿಗೆ ಹೆಸರಾದ ನೆಲ. ಊರ ನಟ್ಟನಡುವಿನ ಚೌಕದಲ್ಲಿ, ನಾಲ್ಕೂ ಕಡೆ ಅಂಗಡಿ ಸಾಲುಗಳ ಮಧ್ಯೆ, ಗ್ರಾನೈಟ್ ಮತ್ತು ಕೆಂಪು ಮರಳುಗಲ್ಲಿನ ಒಂದು ಭಾರಿ ಕಟ್ಟಡ ನಿಂತಿದೆ. ಎಲಿಸ್ ಕೌಂಟಿಯ ಕೋರ್ಟ್‌ಹೌಸ್ ಅದು. ಕೌಂಟಿ ಎಂದರೆ ನಮ್ಮ ತಾಲ್ಲೂಕು, ಜಿಲ್ಲೆಗಳಂಥ ಆಡಳಿತ ವಿಭಾಗ. 1895ರ ಜುಲೈ 4ರಂದು ಶಂಕುಸ್ಥಾಪನೆಯಾಗಿ 1897ರಲ್ಲಿ ಮುಗಿಯಿತು. ಖರ್ಚು ಒಂದೂವರೆ ಲಕ್ಷ ಡಾಲರ್ ದಾಟಿತು. ಹತ್ತಿ ಬೆಳೆಯುವ ರೈತರ ತೆರಿಗೆಯಿಂದ ನಡೆಯುವ ಒಂದು ಹಳ್ಳಿಗಾಡಿನ ಕೌಂಟಿಗೆ ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ನೋಡಲು ಬಂದವರಿಗೆ ಮೊದಲು ತೋರಿಸುವುದು ಕಂಬಗಳ ಮೇಲೆ ಕೆತ್ತಿದ ಮುಖಗಳನ್ನು. ಕಲ್ಲುಕುಟಿಗನೊಬ್ಬ ಊರಿನ ಹುಡುಗಿಗೆ ಮನಸೋತನಂತೆ, ಅವಳು ಒಲ್ಲೆ ಎಂದಳಂತೆ, ಅವನ ಸಿಟ್ಟು ಏರಿದಷ್ಟೂ ಕಲ್ಲಿನ ಮುಖ ವಿಕಾರವಾಗುತ್ತ ಹೋಯಿತಂತೆ. ಕಥೆ ಸೊಗಸಾಗಿದೆ, ಆದರೆ ಇತಿಹಾಸ ಬಲ್ಲವರು ಒಪ್ಪುವುದಿಲ್ಲ. ಆ ಶೈಲಿಯ ಕಟ್ಟಡಗಳಲ್ಲಿ ವಿಕಾರ ಮುಖಗಳನ್ನು ಕೆತ್ತುವುದು ಆಗಿನ ಸಾಮಾನ್ಯ ರೂಢಿ. ಮುಖಗಳಿಗಿಂತ ಹೆಚ್ಚು ಹೇಳುವಂಥವು ಆ ಕಟ್ಟಡದ ಮೂಲೆಯ ಮೊಗಸಾಲೆಗಳು, ನಡುವಿನ ಪೊಳ್ಳು ಗೋಪುರ ಮತ್ತು ಕಲ್ಲಿನ ಸಂದುಗಳಲ್ಲಿರುವ ಗಾರೆ.

ಒಂದೇ ಸೂರಿನಡಿ ಏನೇನು

ಹೆಸರು ಕೋರ್ಟ್‌ಹೌಸ್ ಎಂದಿದ್ದರೂ ಕಟ್ಟಡದ ಹೆಚ್ಚಿನ ಜಾಗ ನ್ಯಾಯಾಲಯಕ್ಕೆ ಹೋಗುವುದಿಲ್ಲ. ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಖಜಾನೆ, ಪೊಲೀಸ್ ಮುಖ್ಯಸ್ಥನ ಕೋಣೆ, ಕೋರ್ಟು ಎಲ್ಲವೂ ಒಂದೇ ಕಟ್ಟಡದಲ್ಲಿ ಸೇರಿವೆ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ದೊಡ್ಡ ವ್ಯತ್ಯಾಸವೆಂದರೆ ಅಲ್ಲಿ ಈ ಹುದ್ದೆಗಳಲ್ಲಿ ಬಹುಪಾಲಿನವು ಚುನಾವಣೆಯಿಂದ ಬರುವಂಥವು. ಶೆರಿಫ್ ಎಂಬ ಪೊಲೀಸ್ ಮುಖ್ಯಸ್ಥ, ದಾಖಲೆ ನೋಡಿಕೊಳ್ಳುವ ಕೌಂಟಿ ಕ್ಲರ್ಕ್, ಕೋರ್ಟಿನ ಕಡತ ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಕ್ಲರ್ಕ್, ತೆರಿಗೆ ವಸೂಲಿ ಅಧಿಕಾರಿ, ಎಲ್ಲರೂ ಮತ ಕೇಳಿ ಗೆದ್ದವರು. ಕೌಂಟಿಯ ಆಡಳಿತ ನಡೆಸುವ ಐವರ ಮಂಡಳಿಗೆ ‘ಕಮಿಷನರ್ಸ್ ಕೋರ್ಟ್’ ಎಂದು ಹೆಸರು. ಒಬ್ಬ ಕೌಂಟಿ ಜಡ್ಜ್, ನಾಲ್ವರು ಕಮಿಷನರುಗಳು. ಬಜೆಟ್, ರಸ್ತೆ, ಸೇತುವೆ, ಕಟ್ಟಡದ ಟೆಂಡರ್ ಎಲ್ಲ ಅವರ ಕೈಯಲ್ಲಿ. ಕೋರ್ಟ್‌ಹೌಸ್ ಕಟ್ಟಬೇಕೋ ಬೇಡವೋ, ಯಾರ ನಕ್ಷೆ, ಎಷ್ಟು ಸಾಲ, ಇವನ್ನೆಲ್ಲ ತೀರ್ಮಾನಿಸಿದವರೂ ಇವರೇ.

ಸಾಮಾನ್ಯ ರೈತನಿಗೆ ಮುಖ್ಯವಾಗಿ ಬೇಕಾದವರು ಕೌಂಟಿ ಕ್ಲರ್ಕ್. ಜಮೀನಿನ ಕ್ರಯಪತ್ರ, ಅಡಮಾನ ಪತ್ರ, ದನಗಳ ಮೇಲೆ ಹಾಕುವ ಬರೆಗುರುತು, ಮದುವೆಯ ಲೈಸೆನ್ಸ್, ಎಲ್ಲ ಅಲ್ಲೇ ದಾಖಲಾಗಬೇಕು. ಇವತ್ತಿಗೂ ಇದು ಬದಲಾಗಿಲ್ಲ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ಮನೆ ಕೊಂಡ ಕನ್ನಡಿಗರ ಕ್ರಯಪತ್ರವೂ ಆಯಾ ಕೌಂಟಿ ಕ್ಲರ್ಕ್ ಕಡತದಲ್ಲೇ ಇರುತ್ತದೆ. ಅಲ್ಲಿ ಮದುವೆಯಾಗುವವರು ಕ್ಲರ್ಕಿನಿಂದ ಲೈಸೆನ್ಸ್ ಪಡೆಯಬೇಕು. ಪಡೆದ ಮೇಲೆ ಸಾಮಾನ್ಯವಾಗಿ 72 ಗಂಟೆ ಕಾಯಬೇಕು, 90 ದಿನದೊಳಗೆ ಮದುವೆ ಮುಗಿಸಬೇಕು.

ಊರನ್ನು ಉಳಿಸುವ, ಅಳಿಸುವ ಕಟ್ಟಡ

ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಅಮೆರಿಕದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. 2020ರ ಜನಗಣತಿಯಲ್ಲಿ ಲವಿಂಗ್ ಕೌಂಟಿಯ ಜನಸಂಖ್ಯೆ ಬರೀ 64. ಆದರೂ ಅದಕ್ಕೆ ತನ್ನದೇ ಶೆರಿಫ್, ತನ್ನದೇ ಕ್ಲರ್ಕ್, ತನ್ನದೇ ಕೋರ್ಟ್‌ಹೌಸ್. 1876ರ ರಾಜ್ಯ ಸಂವಿಧಾನ ಹೊಸ ಕೌಂಟಿಗಳ ಅಳತೆಯನ್ನೂ ನಿಗದಿ ಮಾಡಿತ್ತು. ಇನ್ನೂ ಕೌಂಟಿಯಾಗಿ ವಿಂಗಡಿಸದ ಸೀಮೆಯಲ್ಲಿ ಕನಿಷ್ಠ 900 ಚದರ ಮೈಲಿ, ಸಾಧ್ಯವಾದಲ್ಲೆಲ್ಲ ಚೌಕಾಕಾರ; ಇದ್ದ ಕೌಂಟಿಯನ್ನು ಒಡೆದು ಮಾಡುವುದಾದರೆ ಕನಿಷ್ಠ 700 ಚದರ ಮೈಲಿ. ಉತ್ತರ ಟೆಕ್ಸಸ್‌ನ ನಕ್ಷೆಯಲ್ಲಿ ಕೌಂಟಿಗಳು ಚೌಕಾಬಾರದ ಮನೆಗಳಂತೆ ಕಾಣುವುದು ಇದರಿಂದಲೇ. ಅಲ್ಲಿ 30 ಮೈಲಿ ಉದ್ದ, 30 ಮೈಲಿ ಅಗಲದ ಕೌಂಟಿಗಳು ಸಾಲುಸಾಲಾಗಿವೆ.

ಆಡಳಿತದ ಊರು ಕೌಂಟಿಯ ನಡುವಿನಲ್ಲಿರಬೇಕು, ಮೂಲೆಯ ರೈತನೂ ಕುದುರೆಯಲ್ಲಿ ಬಂದು ಕೆಲಸ ಮುಗಿಸಿಕೊಂಡು ಹೋಗುವಂತಿರಬೇಕು ಎಂಬುದು ಲೆಕ್ಕಾಚಾರ. ಸಂವಿಧಾನವೂ ಇದಕ್ಕೆ ಒತ್ತಾಸೆ ಕೊಟ್ಟಿತು. ಆಡಳಿತ ಕೇಂದ್ರವನ್ನು ಬೇರೆ ಊರಿಗೆ ಸಾಗಿಸಲು ಮತದಾರರ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು. ಆದರೆ ನಡುಬಿಂದುವಿನಿಂದ ಐದು ಮೈಲಿಗಿಂತ ದೂರದ ಊರಿನಿಂದ ಐದು ಮೈಲಿಯೊಳಗಿನ ಊರಿಗೆ ತರುವುದಾದರೆ ಸರಳ ಬಹುಮತ ಸಾಕು.

ಈ ಕೇಂದ್ರಸ್ಥಾನಕ್ಕಾಗಿ ಊರೂರು ಕಚ್ಚಾಡಿದವು. ಕೋರ್ಟ್‌ಹೌಸ್ ಇದ್ದಲ್ಲಿ ವಕೀಲರು, ಹೋಟೆಲು, ಬ್ಯಾಂಕು, ಪತ್ರಿಕೆ, ಕುದುರೆ ಲಾಯ ಎಲ್ಲವೂ ಬರುತ್ತವೆ. ಅದು ಹೋಯಿತೆಂದರೆ ಊರೇ ಬರಿದಾಗುತ್ತದೆ. ಪೂರ್ವ ಟೆಕ್ಸಸ್‌ನ ಶೆಲ್ಬಿ ಕೌಂಟಿಯ ಕೇಂದ್ರ 1866ರಲ್ಲಿ ಶೆಲ್ಬಿವಿಲ್‌ನಿಂದ ಕೌಂಟಿಯ ನಡುವಿನ ಹೊಸ ಊರಿಗೆ ಹೋಯಿತು; ಆ ಊರಿನ ಹೆಸರೇ ಸೆಂಟರ್. ಅಲ್ಲಿನ ಕೋರ್ಟ್‌ಹೌಸ್ 1882ರಲ್ಲಿ ಸುಟ್ಟುಹೋಗಿ, 1885ರಲ್ಲಿ ಐರಿಷ್ ಮೂಲದ ಗಿಬ್ಸನ್ ಎಂಬವರು ತಮ್ಮ ನಾಡಿನ ಕೋಟೆಯ ಮಾದರಿಯಲ್ಲಿ ಇಟ್ಟಿಗೆಯ ಕಟ್ಟಡ ಕಟ್ಟಿದರು. ನ್ಯಾಯಾಧೀಶರ ಪೀಠದ ಹಿಂದೆ ಜೀವ ಉಳಿಸಿಕೊಂಡು ಹೊರಬೀಳಲು ಗುಟ್ಟಿನ ದಾರಿ ಇಟ್ಟಿದ್ದರು ಎಂದಮೇಲೆ ಆ ಕಾಲದ ವ್ಯಾಜ್ಯಗಳ ಬಿಸಿ ಎಷ್ಟಿತ್ತೆಂದು ಊಹಿಸಬಹುದು. ಪಶ್ಚಿಮದ ಪ್ರೆಸಿಡಿಯೋ ಕೌಂಟಿಯಲ್ಲಿ ಕಥೆ ತಿರುಗಿಸಿದ್ದು ರೈಲು. ಹಳಿ ಹಾದುಹೋದ ಮಾರ್ಫಾ 1885ರ ಮತದಾನದಲ್ಲಿ ಹಳೆಯ ಕೇಂದ್ರ ಫೋರ್ಟ್ ಡೇವಿಸನ್ನು ಸೋಲಿಸಿತು, ಮರುವರ್ಷವೇ ಕೋರ್ಟ್‌ಹೌಸ್ ಎಬ್ಬಿಸಿತು. ಸೋತ ಊರೂ ಸುಮ್ಮನಿರಲಿಲ್ಲ. 1887ರಲ್ಲಿ ಜೆಫ್ ಡೇವಿಸ್ ಎಂಬ ಬೇರೆ ಕೌಂಟಿಯನ್ನೇ ಮಾಡಿಸಿಕೊಂಡು ಅದರ ಕೇಂದ್ರವಾಯಿತು.

ಗೆದ್ದ ಊರುಗಳು ಆತುರಾತುರವಾಗಿ, ಅಷ್ಟು ದೊಡ್ಡದಾಗಿ ಕಟ್ಟಿದ್ದೇಕೆ ಎಂಬುದಕ್ಕೆ ಇಲ್ಲೇ ಉತ್ತರವಿದೆ. ಲಕ್ಷ ಡಾಲರ್ ಕಲ್ಲಿಗೆ ಹಾಕಿದ ಮೇಲೆ ಇನ್ನೊಂದು ಊರು ಕೇಂದ್ರವನ್ನು ಎಳೆದುಕೊಳ್ಳುವುದು ಕಷ್ಟ. ಹಣದ ದಾರಿಯನ್ನು ರಾಜ್ಯ ಶಾಸನಸಭೆ 1881ರಲ್ಲಿ ತೆರೆಯಿತು. ಕೋರ್ಟ್‌ಹೌಸ್ ಕಟ್ಟಲು ಕೌಂಟಿಗಳು ಬಾಂಡ್ ಹೊರಡಿಸಿ ಸಾಲ ಎತ್ತಬಹುದು, ಆಸ್ತಿ ತೆರಿಗೆಯಿಂದ ವರ್ಷವರ್ಷ ತೀರಿಸಬಹುದು ಎಂದಾಯಿತು. ರಾಜ್ಯದ ಶಾಶ್ವತ ಶಾಲಾ ನಿಧಿಯೂ ಇಂಥ ಬಾಂಡುಗಳನ್ನು ಕೊಂಡಿತು. ಮುಂದಿನ ಇಪ್ಪತ್ತು ವರ್ಷ ಟೆಕ್ಸಸ್‌ನಲ್ಲಿ ಕೋರ್ಟ್‌ಹೌಸುಗಳ ಸುಗ್ಗಿ.

ಊರ ಯೋಜನೆಯೂ ಕಟ್ಟಡವನ್ನೇ ನಂಬಿತ್ತು. ಹೆಚ್ಚಿನ ಕಡೆ ಬಳಸಿದ್ದು ಟೆನೆಸೀ ರಾಜ್ಯದ ಶೆಲ್ಬಿವಿಲ್‌ನಲ್ಲಿ 1810ರಲ್ಲಿ ರೂಪುಗೊಂಡ ಮಾದರಿ. ಬೀದಿಗಳ ಜಾಲದ ನಡುವೆ ಒಂದು ಪೂರ್ತಿ ಚೌಕವನ್ನು ಖಾಲಿ ಬಿಟ್ಟು ಮಧ್ಯೆ ಕೋರ್ಟ್‌ಹೌಸ್ ಇಡುವುದು, ನಾಲ್ಕೂ ಮೂಲೆಗಳಲ್ಲಿ ಬೀದಿಗಳು ಕೂಡುವಂತೆ ಮಾಡುವುದು. ಹೀಗಾಗಿ ಕಟ್ಟಡಕ್ಕೆ ‘ಹಿಂಭಾಗ’ ಎಂಬುದೇ ಇರುವುದಿಲ್ಲ. ನಾಲ್ಕು ದಿಕ್ಕಿನ ಅಂಗಡಿಯವರಿಗೂ ಬಾಗಿಲು ಕಾಣಬೇಕು, ಗೋಪುರದ ಗಡಿಯಾರಕ್ಕೂ ನಾಲ್ಕು ಮುಖ ಬೇಕು. ಡಿಸ್ಟ್ರಿಕ್ಟ್ ಜಡ್ಜ್ ಹಲವು ಕೌಂಟಿಗಳನ್ನು ಸುತ್ತುತ್ತ ನಿಗದಿತ ದಿನ ಬರುತ್ತಿದ್ದುದರಿಂದ ಆ ದಿನವೇ ಸಂತೆಯೂ ಕೂಡುತ್ತಿತ್ತು. ವ್ಯಾನ್ ಜಾಂಟ್ ಕೌಂಟಿಯ ಕ್ಯಾಂಟನ್ ಊರಲ್ಲಿ ತಿಂಗಳ ಮೊದಲ ಸೋಮವಾರಕ್ಕೆ ಹೊಂದಿಕೊಂಡು ಹುಟ್ಟಿದ ಆ ಸಂತೆ ಇಂದಿಗೂ ನಡೆಯುತ್ತಿದೆ. ಮಂಗಳವಾರಕ್ಕೆ ಬೇರೆಯೇ ಮಹತ್ವ. ಸಾಲ ತೀರಿಸದವರ ಮನೆ, ಜಮೀನುಗಳ ಹರಾಜು ಇವತ್ತಿಗೂ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ, ಹೆಚ್ಚಾಗಿ ಕೋರ್ಟ್‌ಹೌಸ್ ಆವರಣದಲ್ಲೇ ನಡೆಯಬೇಕು. ಕನಿಷ್ಠ 21 ದಿನ ಮೊದಲು ಅದರ ಬಾಗಿಲಲ್ಲಿ ನೋಟೀಸ್ ಅಂಟಿಸಬೇಕು.

ಗಾರ್ಡನ್ ನಕ್ಷೆ: ಫ್ಯಾನಿಲ್ಲದ ಕಾಲದ ಗಾಳಿ

ವಾಕ್ಸಹ್ಯಾಚಿಯ ಕಟ್ಟಡದ ನಕ್ಷೆ ಜೇಮ್ಸ್ ರೈಲಿ ಗಾರ್ಡನ್ ಅವರದು. ಟೆಕ್ಸಸ್‌ನಲ್ಲಿ ಅವರ ನಕ್ಷೆಯಂತೆ ಎದ್ದ ಕೋರ್ಟ್‌ಹೌಸುಗಳು 18, ಉಳಿದಿರುವುದು 12. ಡೆಕೇಟರ್ ಊರಿನ ವೈಸ್ ಕೌಂಟಿ ಕೋರ್ಟ್‌ಹೌಸ್ (1896) ವಾಕ್ಸಹ್ಯಾಚಿಯದಕ್ಕೆ ಅವಳಿಯಂತಿದೆ. ದಪ್ಪ ಒರಟು ಕಲ್ಲು, ಅರೆವೃತ್ತದ ಕಮಾನು, ಗಿಡ್ಡ ಕಂಬಗಳ ಈ ಶೈಲಿ ಬಾಸ್ಟನ್ ಕಡೆಯ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅವರಿಂದ ಬಂದದ್ದು. ಗಾರ್ಡನ್ ಅದಕ್ಕೆ ಸೇರಿಸಿದ್ದು ಟೆಕ್ಸಸ್‌ನ ಸೆಕೆಗೆ ಉತ್ತರ.

ನಕ್ಷೆಯನ್ನು ಮೇಲಿಂದ ನೋಡಿದರೆ ಕೂಡಿಸುವ ಚಿಹ್ನೆಯ ಆಕಾರ. ನಾಲ್ಕು ತೋಳುಗಳಲ್ಲಿ ಕಚೇರಿಗಳು. ಎರಡು ತೋಳು ಸೇರುವ ಒಳಮೂಲೆಗಳಲ್ಲಿ, ಬಾಗಿದ ಕಂಬಸಾಲಿನ ಮೊಗಸಾಲೆ. ಹೆಚ್ಚಿನವರು ಬಾಗಿಲನ್ನು ಮುಂಗೋಡೆಯ ನಡುವೆ ಇಡುತ್ತಾರೆ, ಗಾರ್ಡನ್ ಮೂಲೆಯಲ್ಲಿಟ್ಟರು. ಚೌಕದ ಯಾವ ಮೂಲೆಯಿಂದ ಬಂದರೂ ನೇರ ಒಳಗೆ ಹೋಗಬಹುದು, ಜೊತೆಗೆ ಆ ಮೂಲೆ ದಿನದ ಬಹುಪಾಲು ನೆರಳಲ್ಲಿರುತ್ತದೆ. ನೆರಳಿನಲ್ಲಿ ತಂಪಾದ ಗಾಳಿ ಮೊಗಸಾಲೆಯಿಂದ ನಡುಮನೆಗೆ ಬರುತ್ತದೆ. ನಡುವೆ ಮೆಟ್ಟಿಲುಗಳು ಸುತ್ತಿಕೊಂಡು ಏರುವ ಪೊಳ್ಳು ಬಾವಿ, ಅದರ ತುದಿಗೆ ಗೋಪುರ. ಬಿಸಿಗಾಳಿ ಮೇಲೇರಿ ಗೋಪುರದ ತೆರಪುಗಳಿಂದ ಹೊರಬೀಳುತ್ತದೆ. ಆ ಸೆಳೆತಕ್ಕೆ ಕೋಣೆಗಳ ಗಾಳಿ ಬಾಗಿಲ ಮೇಲಿನ ಸಣ್ಣ ಕಿಟಕಿಗಳ ಮೂಲಕ ಬಾವಿಯ ಕಡೆ ಹರಿಯುತ್ತದೆ, ಹೊರಗಿನಿಂದ ಹೊಸ ಗಾಳಿ ಒಳಬರುತ್ತದೆ.

ಇದು ಕೆಲಸ ಮಾಡಬೇಕಾದರೆ ಉಳಿದವೂ ಜೊತೆಗೂಡಬೇಕು. ಒಳಮಾಳಿಗೆ ಎತ್ತರದಲ್ಲಿರಬೇಕು, 14ರಿಂದ 16 ಅಡಿ. ಉದ್ದನೆಯ ಕಿಟಕಿಗಳಲ್ಲಿ ಮೇಲೊಂದು ಕೆಳಗೊಂದು ಜಾರುವ ಚೌಕಟ್ಟು ಇದ್ದು ಎರಡೂ ತೆರೆಯುವಂತಿರಬೇಕು. ಮೇಲಿನದನ್ನು ಇಳಿಸಿದರೆ ಬಿಸಿ ಹೊರಗೆ, ಕೆಳಗಿನದನ್ನು ಎತ್ತಿದರೆ ತಂಪು ಒಳಗೆ. ಕಿಟಕಿ ಚೌಕಟ್ಟಿನ ಪಕ್ಕದ ಪೊಳ್ಳಿನಲ್ಲಿ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕಗಳು ಭಾರವನ್ನು ಸರಿದೂಗಿಸುತ್ತವೆ. ಆ ಹಗ್ಗ ಹರಿದರೆ ಕಿಟಕಿ ಎತ್ತಲಾಗದು, ಮೇಲೊಂದು ಪದರ ಬಣ್ಣ ಬಳಿದರೆ ಚೌಕಟ್ಟು ಅಂಟಿಕೊಂಡು ಮತ್ತೆ ತೆರೆಯದು. ಎರಡು ಅಡಿಗೂ ದಪ್ಪದ ಕಲ್ಲು–ಇಟ್ಟಿಗೆ ಗೋಡೆ ಹಗಲಿನ ಬಿಸಿಯನ್ನು ತಡೆದು ಹಿಡಿದು ರಾತ್ರಿ ಬಿಡುತ್ತದೆ.

ಮೇಲಂತಸ್ತಿನಲ್ಲಿ ಎರಡು ಮಾಳಿಗೆ ಎತ್ತರದ ನ್ಯಾಯಸಭಾಂಗಣ. ವಿಚಾರಣೆ ನೋಡಲು ಸುತ್ತಲ ಹಳ್ಳಿಗಳಿಂದ ಜನ ಕಿಕ್ಕಿರಿಯುತ್ತಿದ್ದುದರಿಂದ ಅದರಲ್ಲಿ ಬಾಲ್ಕನಿಯೂ ಇರುತ್ತಿತ್ತು. ವರ್ಣಭೇದದ ಕಾಲದಲ್ಲಿ ದಕ್ಷಿಣದ ಅನೇಕ ಕೋರ್ಟ್‌ಹೌಸುಗಳಲ್ಲಿ ಕಪ್ಪು ಜನ ಕೂರಬೇಕಾಗಿದ್ದದ್ದು ಆ ಬಾಲ್ಕನಿಯಲ್ಲೇ. ಕುಡಿಯುವ ನೀರಿನ ನಲ್ಲಿ, ಶೌಚಾಲಯಗಳೂ ಬೇರೆ. ವಾಕ್ಸಹ್ಯಾಚಿಯ ನೆಲಮಾಳಿಗೆಯ ಗೋಡೆಯಲ್ಲಿ ಆ ಕಾಲದ ಪ್ರತ್ಯೇಕತೆಯ ಬರಹವೊಂದು ಉಳಿದುಕೊಂಡಿತ್ತು. 2020ರಲ್ಲಿ ಕಪ್ಪು ವರ್ಣದ ಚುನಾಯಿತ ಕಾನ್‌ಸ್ಟೇಬಲ್ ಒಬ್ಬರಿಗೆ ಅಲ್ಲಿಯೇ ಕಚೇರಿ ಕೊಟ್ಟಾಗ ಅದು ದೇಶಾದ್ಯಂತ ಸುದ್ದಿಯಾಯಿತು. ಮೂಲ ಸ್ಥಿತಿಗೆ ತರುವುದು ಎಂದಾಗ ಯಾವುದನ್ನು ತರಬೇಕು, ಯಾವುದನ್ನು ವಿವರಣೆಯ ಫಲಕದೊಂದಿಗೆ ಮಾತ್ರ ಇಡಬೇಕು ಎಂಬ ಪ್ರಶ್ನೆಗೆ ಕಲ್ಲು–ಗಾರೆ ಬಲ್ಲವರಲ್ಲಿ ಉತ್ತರವಿಲ್ಲ. ಅದನ್ನು ಊರವರು ಕೂತು ತೀರ್ಮಾನಿಸಬೇಕು.

ಕಾಗದ, ಬೆಂಕಿ, ಭಾರ

ಕ್ಲರ್ಕ್ ಬಳಿ ಕೊಟ್ಟ ಕ್ರಯಪತ್ರವನ್ನು ಬರಹಗಾರನೊಬ್ಬ ದಪ್ಪ ರಟ್ಟಿನ ದಫ್ತರಕ್ಕೆ ಅಕ್ಷರಕ್ಷರ ನಕಲು ಮಾಡುತ್ತಿದ್ದ. ಮೂಲಪತ್ರ ಒಡೆಯನಿಗೆ ವಾಪಸು. ಮಾರಿದವರ ಹೆಸರಿನದೊಂದು, ಕೊಂಡವರ ಹೆಸರಿನದೊಂದು, ಹೀಗೆ ಎರಡು ಸೂಚಿಗಳು. ಜಮೀನಿನ ಹಕ್ಕನ್ನು ಹಿಂದಕ್ಕೆ ಹುಡುಕುತ್ತ ಹೋಗುವವರಿಗೆ ಈ ಸೂಚಿಗಳೇ ದಿಕ್ಕು. ಇವು ಸುಟ್ಟರೆ ಕೌಂಟಿಯ ಜಮೀನುಗಳ ಚರಿತ್ರೆಯೇ ಹೋದಂತೆ. ಮರದ ಕೋರ್ಟ್‌ಹೌಸುಗಳು ಮತ್ತೆ ಮತ್ತೆ ಸುಟ್ಟವು, ಕೆಲವಕ್ಕೆ ಬೇಕೆಂದೇ ಬೆಂಕಿ ಇಟ್ಟರೆಂಬ ಗುಮಾನಿಯೂ ಇತ್ತು. ದಾಖಲೆ ಸುಟ್ಟ ಕೌಂಟಿಗಳಲ್ಲಿ ಜನ ಮನೆಯಲ್ಲಿದ್ದ ಮೂಲಪತ್ರ ತಂದು ಎರಡನೇ ಸಲ ನೋಂದಾಯಿಸಬೇಕಾಗುತ್ತಿತ್ತು.

ಆದ್ದರಿಂದ ಹೊಸ ಕಟ್ಟಡಗಳಲ್ಲಿ ನೆಲ ಅಂತಸ್ತಿನಲ್ಲೇ ದಾಖಲೆ ಕೋಣೆ. ಗೋಡೆ ಇಟ್ಟಿಗೆಯದು, ಬಾಗಿಲು ಕಬ್ಬಿಣದ್ದು, ಕಿಟಕಿಗೆ ಕಬ್ಬಿಣದ ಕದ. ಮೇಲ್ಛಾವಣಿಗೆ ಮರ ಬಳಸದೆ ನಾಲ್ಕೈದು ಅಡಿಗೊಂದು ಕಬ್ಬಿಣದ ತೊಲೆ ಇಟ್ಟು ನಡುವೆ ಇಟ್ಟಿಗೆಯ ತಗ್ಗು ಕಮಾನು ಕಟ್ಟಿ ಮೇಲೆ ಕಾಂಕ್ರೀಟು ತುಂಬುವುದು. ಮೈಸೂರು ಸೀಮೆಯ ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ‘ಜಾಕ್ ಆರ್ಚ್’ ಎಂದು ಮೇಸ್ತ್ರಿಗಳು ಗುರುತಿಸುವುದು ಇದನ್ನೇ. ಇದರ ದೌರ್ಬಲ್ಯ ತೊಲೆಯ ಕೆಳಮೈ. ಸುಣ್ಣದ ಲೇಪ ಉದುರಿ ಬರಿ ಕಬ್ಬಿಣ ಕಂಡರೆ ತುಕ್ಕು ಹಿಡಿಯುತ್ತದೆ. ಬೆಂಕಿ ಬಿದ್ದರೆ ಮೊದಲು ಬಾಗುವುದೂ ಅದೇ.

ದಾಖಲೆ ಕೋಣೆ ನೆಲ ಅಂತಸ್ತಿನಲ್ಲೇ ಏಕೆ ಎಂಬುದಕ್ಕೆ ಬೆಂಕಿಯ ಜೊತೆ ಭಾರವೂ ಕಾರಣ. ಇಂದಿನ ಲೆಕ್ಕದಲ್ಲಿ ಸಾಮಾನ್ಯ ಕಚೇರಿಯ ನೆಲವನ್ನು ಚದರಡಿಗೆ 50 ಪೌಂಡ್ ಹೊರೆಗೆ ವಿನ್ಯಾಸ ಮಾಡಿದರೆ, ಪುಸ್ತಕದ ಕಪಾಟುಗಳ ಕೋಣೆಗೆ 150 ಪೌಂಡ್ ಹಿಡಿಯುತ್ತಾರೆ. ಜಾಗ ಸಾಲದೆ ಹಳೆಯ ದಫ್ತರಗಳನ್ನು ಅಟ್ಟಕ್ಕೆ ಸಾಗಿಸಿದ ಕೌಂಟಿಗಳಲ್ಲಿ ಮರದ ಜಂತಿಗಳು ಜೋತುಬಿದ್ದು, ಕೆಳಗಿನ ಸಭಾಂಗಣದ ಮಾಳಿಗೆಯ ಗಿಲಾವು ಬಿರುಕುಬಿಟ್ಟದ್ದು ಅಪರೂಪವೇನಲ್ಲ. ಒಣಗಿದ ಕಾಗದ ಅಟ್ಟದ ಬೆಂಕಿಗೆ ಒಳ್ಳೆಯ ಮೇವು ಎಂಬುದು ಬೇರೆ.

ಗಾರ್ಡನ್ ನಕ್ಷೆಯ ಕೊರತೆಯೂ ಇಲ್ಲಿದೆ. ಗಾಳಿಯನ್ನು ಮೇಲಕ್ಕೆಳೆಯುವ ನಡುಬಾವಿ, ಬೆಂಕಿ ಬಿದ್ದ ದಿನ ಹೊಗೆಯನ್ನೂ ಹಾಗೆಯೇ ಎಳೆಯುತ್ತದೆ. ಎಲ್ಲ ಅಂತಸ್ತುಗಳಿಗೂ ಮೆಟ್ಟಿಲು ಅದರ ಸುತ್ತಲೇ ಇದ್ದರೆ ತಪ್ಪಿಸಿಕೊಳ್ಳುವ ದಾರಿಯೂ ಹೊಗೆಯಲ್ಲಿ ಮುಚ್ಚುತ್ತದೆ. ಅಗ್ನಿಶಾಮಕ ಅಧಿಕಾರಿಗಳು ಇಂಥ ಬಾವಿಗಳನ್ನು ಕಂಡು ಹುಬ್ಬು ಗಂಟಿಕ್ಕುವುದು ಸುಮ್ಮನೆ ಅಲ್ಲ.

ದುರಸ್ತಿಯ ಹೆಸರಲ್ಲಿ

1930ರಿಂದ 1970ರ ದಶಕದವರೆಗೆ ಆದ ಹಾನಿ ಹೆಚ್ಚಿನದು. ಮಳೆ, ಬಿಸಿಲು, ವಯಸ್ಸುಗಳಿಗಿಂತ ಒಳ್ಳೆಯ ಉದ್ದೇಶದಿಂದ ಮಾಡಿದ ಅಗ್ಗದ ಕೆಲಸಗಳೇ ಈ ಕಟ್ಟಡಗಳಿಗೆ ಮುಳುವಾದವು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಹೋದದ್ದು ಗೋಪುರಗಳು. ಸಿಡಿಲು, ಚಂಡಮಾರುತ, ಸೋರಿಕೆ, ಪಾರಿವಾಳದ ಹಿಕ್ಕೆ, ನಿಂತುಹೋದ ಗಡಿಯಾರ, ಇವೆಲ್ಲಕ್ಕೂ ಒಂದೇ ಪರಿಹಾರವೆಂದು ಅನೇಕ ಕೌಂಟಿಗಳು ಗೋಪುರವನ್ನೇ ಇಳಿಸಿ ಮೇಲೆ ತಟ್ಟೆ ಮುಚ್ಚಿದವು. ಇಳಿಜಾರು ಮಾಡು ತೆಗೆದು ಸಮತಟ್ಟು ತಾರಸಿ ಮಾಡಿದ ಕಡೆ ನೀರು ನಿಂತು ಗೋಡೆಯ ನೆತ್ತಿಗೆ ಇಳಿಯಿತು. ಆಮೇಲೆ ಏರ್ ಕಂಡೀಷನರ್ ಬಂತು. ಅದರ ಗಾಳಿಕೊಳವೆ ಮರೆಮಾಡಲು 16 ಅಡಿಯ ಮಾಳಿಗೆಯ ಕೆಳಗೆ ಒಂಬತ್ತು–ಹತ್ತು ಅಡಿಗೆ ಹಗುರ ಹಲಗೆಯ ತೂಗುಮಾಳಿಗೆ ಕಟ್ಟಿದರು. ಕಿಟಕಿಯ ಮೇಲರ್ಧ ಅದರ ಹಿಂದೆ ಹೋಯಿತು, ಗಾಜಿಗೆ ಹಲಗೆ ಬಿತ್ತು, ನಡುಬಾವಿಗೆ ಅಂತಸ್ತಂತಸ್ತಿಗೂ ನೆಲ ಹಾಕಿ ಕೋಣೆ ಮಾಡಿದರು. ಎರಡು ಮಾಳಿಗೆ ಎತ್ತರದ ಸಭಾಂಗಣದ ಮಧ್ಯೆ ಒಂದು ಅಟ್ಟಣಿಗೆ ಎಬ್ಬಿಸಿ ಮೇಲೂ ಕೆಳಗೂ ಕಚೇರಿ ತೆರೆದರು. ಬಾಲ್ಕನಿಯ ಮರದ ಕೆತ್ತನೆ ಹೊಸ ಗೋಡೆಯ ಹಿಂದೆ ಉಳಿಯಿತು. ಮುಂದೆ ಅದೇ ಪುಣ್ಯವಾಯಿತು ಎನ್ನಿ, ಕಿತ್ತೆಸೆಯದ ಕಾರಣ ಹಲವೆಡೆ ಹಾಗೆಯೇ ಸಿಕ್ಕಿತು.

ಕಣ್ಣಿಗೆ ಬೀಳದ ಹಾನಿ ಸಂದುಗಳದು. ಹಳೆಯ ಕಲ್ಲು, ಇಟ್ಟಿಗೆಗಳ ನಡುವೆ ಇದ್ದದ್ದು ಸುಣ್ಣದ ಗಾರೆ. ಅದು ಕಲ್ಲಿಗಿಂತ ಮೆತ್ತಗೆ, ನೀರಾವಿಯನ್ನು ಹೊರಬಿಡುತ್ತದೆ. ಗೋಡೆಗೆ ಇಳಿದ ತೇವ ಸಂದಿನಿಂದಲೇ ಆರುತ್ತದೆ. ಸವೆಯುವುದಾದರೂ ಗಾರೆಯೇ, ಅದನ್ನು ಅರವತ್ತೆಪ್ಪತ್ತು ವರ್ಷಕ್ಕೊಮ್ಮೆ ತುಂಬಿದರಾಯಿತು. ದುರಸ್ತಿಗೆ ಬಂದವರು ಆ ಸಂದುಗಳಿಗೆ ಗಟ್ಟಿ ಸಿಮೆಂಟ್ ಮೆತ್ತಿದರು. ಸಿಮೆಂಟು ಆವಿಯನ್ನು ಬಿಡದು. ತೇವ ಕಲ್ಲಿನ ಮೈಯಿಂದ ಹೊರಬರಬೇಕಾಯಿತು. ಬರುವಾಗ ಕರಗಿದ ಉಪ್ಪನ್ನೂ ತಂದು, ಉಪ್ಪು ಕಲ್ಲಿನ ಚರ್ಮದ ಹಿಂದೆ ಹರಳುಗಟ್ಟಿ ಮೇಲ್ಪದರವನ್ನು ಸಿಪ್ಪೆಯಂತೆ ಎಬ್ಬಿಸಿತು. ಬಿಸಿಲಿಗೆ ಕಲ್ಲು ಹಿಗ್ಗಿದಾಗ ಗಟ್ಟಿ ಸಿಮೆಂಟು ಜಾಗ ಕೊಡದೆ ಅಂಚುಗಳು ಸಿಡಿದವು. ಕೆಲವು ವರ್ಷಗಳಾದ ಮೇಲೆ ಕಾಣುವುದು ವಿಚಿತ್ರ ದೃಶ್ಯ: ಕಲ್ಲು ಒಳಸರಿದಿದೆ, ಸಿಮೆಂಟಿನ ಗೆರೆಗಳು ಜಾಲರಿಯಂತೆ ಹೊರಚಾಚಿವೆ.

ಮರಳು ಚಿಮ್ಮಿಸಿ ಗೋಡೆ ತೊಳೆದದ್ದು ಇನ್ನೊಂದು ಪ್ರಮಾದ. ಇಟ್ಟಿಗೆಯ ಸುಟ್ಟ ಮೇಲ್ಮೈ ಹೋದರೆ ಒಳಗಿನ ಮೆದು ಭಾಗ ನೀರು ಕುಡಿಯುತ್ತದೆ. ಮರಳುಗಲ್ಲು ಉದುರತೊಡಗುತ್ತದೆ, ಕೆತ್ತನೆಯ ಮೂಗು–ಕಣ್ಣು ಮಾಯ. ಅದರ ಮೇಲೆ ನೀರುನಿರೋಧಕ ಲೇಪ ಬಳಿದವರು ಒಳಗಿನ ತೇವಕ್ಕಿದ್ದ ಕೊನೆಯ ದಾರಿಯನ್ನೂ ಮುಚ್ಚಿದರು.

ಎರೆಭೂಮಿಯ ಊರುಗಳಲ್ಲಿ ಪಾಯದ ಕಷ್ಟವೂ ಇದೆ. ವಿಜಯಪುರದ ಕಡೆ ಮನೆ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎರೆ ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ಕಟ್ಟಡದ ಸುತ್ತ ತೇವ ಒಂದೇ ಸಮ ಇದ್ದರೆ ತೊಂದರೆ ಕಡಿಮೆ. ಮಾಡಿನ ನೀರಿಳಿಸುವ ಕೊಳವೆ ಒಂದು ಮೂಲೆಯಲ್ಲಿ ಒಡೆದು ಅಲ್ಲೇ ಸುರಿದರೆ, ಅಥವಾ ಹುಲ್ಲುಹಾಸಿಗೆ ಚಿಮ್ಮುವ ನೀರು ಒಂದೇ ಪಕ್ಕ ಬಿದ್ದರೆ, ಆ ಮೂಲೆ ಏಳುತ್ತದೆ; ಇನ್ನೊಂದು ಕಡೆ ದೊಡ್ಡ ಮರ ನೀರು ಹೀರಿದರೆ ಆ ಕಡೆ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಕಂಡರೆ ಗೋಡೆಗೆ ಕೈಹಾಕುವ ಮೊದಲು ಮಳೆನೀರಿನ ಕೊಳವೆ ಎಲ್ಲಿ ಸುರಿಯುತ್ತಿದೆ ನೋಡಬೇಕು.

ಮತ್ತೆ ಹಿಂದಕ್ಕೆ

1993ರ ಜನವರಿ 1ರಂದು ಹಿಲ್ಸ್‌ಬರೊ ಊರಿನ ಹಿಲ್ ಕೌಂಟಿ ಕೋರ್ಟ್‌ಹೌಸಿಗೆ ಬೆಂಕಿ ಬಿತ್ತು. 1890ರಲ್ಲಿ ಡಬ್ಲ್ಯು. ಸಿ. ಡಾಡ್‌ಸನ್ ನಕ್ಷೆಯಂತೆ ಎದ್ದಿದ್ದ ಕಟ್ಟಡ. ಗೋಪುರ, ಮಾಡು ಎಲ್ಲ ಕುಸಿದು ಸುಣ್ಣಕಲ್ಲಿನ ಗೋಡೆಗಳು ಮಾತ್ರ ನಿಂತವು. ಅದೇ ಕೌಂಟಿಯ ಆಬಟ್ ಊರಿನವರಾದ ಗಾಯಕ ವಿಲೀ ನೆಲ್ಸನ್ ಕಛೇರಿ ನಡೆಸಿ ಹಣ ಕೂಡಿಸಿಕೊಟ್ಟರು. 1999ರಲ್ಲಿ ಕಟ್ಟಡ ಮತ್ತೆ ತೆರೆಯಿತು. ಈ ಬೆಂಕಿ ರಾಜ್ಯದ ಕಣ್ಣು ತೆರೆಸಿತು. 1998ರಲ್ಲಿ ಅಮೆರಿಕದ ನ್ಯಾಷನಲ್ ಟ್ರಸ್ಟ್ ಸಂಸ್ಥೆ ದೇಶದ ಅಪಾಯದಲ್ಲಿರುವ ಹನ್ನೊಂದು ಪಾರಂಪರಿಕ ತಾಣಗಳ ಪಟ್ಟಿಯಲ್ಲಿ ಟೆಕ್ಸಸ್‌ನ ಕೋರ್ಟ್‌ಹೌಸುಗಳನ್ನು ಒಟ್ಟಾಗಿ ಸೇರಿಸಿತು. ಮರುವರ್ಷ ಶಾಸನಸಭೆ 5 ಕೋಟಿ ಡಾಲರ್ ಇಟ್ಟು, ರಾಜ್ಯದ ಹಿಸ್ಟಾರಿಕಲ್ ಕಮಿಷನ್ ಕೈಯಲ್ಲಿ ಸಂರಕ್ಷಣಾ ಯೋಜನೆ ಆರಂಭಿಸಿತು. ಇದುವರೆಗೆ ಎಪ್ಪತ್ತಕ್ಕೂ ಹೆಚ್ಚು ಕೋರ್ಟ್‌ಹೌಸುಗಳು ಪೂರ್ತಿ ಸರಿಯಾಗಿವೆ. ವಾಕ್ಸಹ್ಯಾಚಿಯದು ಮೊದಲ ತಂಡದಲ್ಲಿತ್ತು, 2002ರಲ್ಲಿ ಮುಗಿಯಿತು.

ಹಣ ಪಡೆಯುವ ಕ್ರಮ ಬಿಗಿಯಾಗಿದೆ. ಮೊದಲು ಕೌಂಟಿ ತನ್ನ ಖರ್ಚಿನಲ್ಲಿ ‘ಮಾಸ್ಟರ್ ಪ್ಲಾನ್’ ಮಾಡಿಸಬೇಕು. ಹಳೆಯ ಫೋಟೋ, ಕಮಿಷನರ್ಸ್ ಕೋರ್ಟಿನ ನಡಾವಳಿ, ಮೂಲ ನಕ್ಷೆ ಹುಡುಕಿ, ಕಟ್ಟಡದ ಒಂದೊಂದು ಕೋಣೆಯ ಈಗಿನ ಸ್ಥಿತಿ ಬರೆದು, ಯಾವ ಕಾಲದ ರೂಪಕ್ಕೆ ಮರಳಿಸುವುದೆಂದು ಹೇಳಬೇಕು. ಒಟ್ಟು ವೆಚ್ಚದಲ್ಲಿ ಕನಿಷ್ಠ ಶೇ. 15 ಕೌಂಟಿ ಹಾಕಬೇಕು. ಮುಂದೆ ಮನಬಂದಂತೆ ಬದಲಾಯಿಸುವುದಿಲ್ಲ ಎಂಬ ಕರಾರು ದಾಖಲಾಗಬೇಕು. ಅನುದಾನ ಪಡೆಯದ ಕೌಂಟಿಯೂ ತನ್ನ ಪಾರಂಪರಿಕ ಕೋರ್ಟ್‌ಹೌಸನ್ನು ಕೆಡವಲು ಅಥವಾ ಮಾರ್ಪಡಿಸಲು ಹೊರಟರೆ ಆರು ತಿಂಗಳು ಮೊದಲೇ ಕಮಿಷನ್‌ಗೆ ತಿಳಿಸಬೇಕೆಂದು ಕಾನೂನಿದೆ.

ಕೆಲಸ ಶುರುವಾದಾಗ ಕ್ರಮವೂ ಮುಖ್ಯ. ಮೊದಲು ಮಾಡು, ಅದರ ಅಂಚಿನ ಮಳೆನೀರಿನ ದೋಣಿ, ಇಳಿಕೊಳವೆ. ನೀರು ಸೋರುವುದು ನಿಲ್ಲದೆ ಒಳಗಿನ ಯಾವ ಕೆಲಸವೂ ಬಾಳದು. ಆಮೇಲೆ ಸಂದುಗಳು. ಹಳೆಯ ಗಾರೆಯ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿ ಸುಣ್ಣ–ಮರಳಿನ ಪ್ರಮಾಣ, ಮರಳಿನ ಬಣ್ಣ ತಿಳಿಯುತ್ತಾರೆ. ಸಾಮಾನ್ಯವಾಗಿ ಒಂದು ಪಾಲು ಕೊಳೆಸಿದ ಸುಣ್ಣಕ್ಕೆ ಮೂರು ಪಾಲು ಮರಳಿನ ಆಸುಪಾಸು. ಕೆಟ್ಟ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೈಚಾಣದಿಂದ ತೆಗೆಯಬೇಕು. ತೆಳು ಸಂದಿಗೆ ಯಂತ್ರದ ಗರಗಸ ಹಾಕಿದರೆ ಕಲ್ಲಿನ ಅಂಚೇ ಕತ್ತರಿಸಿಹೋಗುತ್ತದೆ. ಸಂದನ್ನು ನೆನೆಸಿ, ಕಾಲು ಇಂಚಿನಷ್ಟು ದಪ್ಪದ ಪದರ ಪದರವಾಗಿ ತುಂಬಬೇಕು. ಹಿಂದಿನ ಪದರ ಹೆಬ್ಬೆರಳು ಒತ್ತಿದರೆ ಗುರುತಷ್ಟೇ ಮೂಡುವಷ್ಟು ಗಟ್ಟಿಯಾದ ಮೇಲೆ ಮುಂದಿನದು. ಒಮ್ಮೆಲೇ ತುರುಕಿದರೆ ಒಳಗೆ ಹಸಿಯಾಗಿ ಉಳಿದು ಹೊರಗೆ ಸೀಳುತ್ತದೆ. ಟೆಕ್ಸಸ್‌ನ ಬೇಸಿಗೆಯಲ್ಲಿ ಒದ್ದೆ ಗೋಣಿ ಇಳಿಬಿಟ್ಟು ಹಲವು ದಿನ ತಂಪಾಗಿಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ. ಅದಕ್ಕೆ ತೇವವೂ ಬೇಕು, ಸಮಯವೂ ಬೇಕು. ತೀರಾ ಚಳಿಯ ವಾರಗಳಲ್ಲಿ ಕೆಲಸವೇ ಬೇಡ.

ಒಳಗೆ ತೂಗುಮಾಳಿಗೆ ಇಳಿಸಿ ನೋಡುವ ದಿನ ಎಲ್ಲರಿಗೂ ಕುತೂಹಲ. ಗೋಡೆಯ ಬಣ್ಣದ ಪದರಗಳನ್ನು ಚೂಪು ಅಲಗಿನಿಂದ ಒಂದೊಂದಾಗಿ ತೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ಮೊದಲ ಬಣ್ಣ ಗುರುತಿಸುತ್ತಾರೆ. ನೂರು ವರ್ಷದ ಮಸಿಯ ಕೆಳಗೆ ಹಲವು ಕಡೆ ಸಿಗುವುದು ಯಾರೂ ಊಹಿಸದಷ್ಟು ಗಾಢ ಹಸಿರು, ಕೆಂಪು, ಅಚ್ಚಿನ ಚಿತ್ತಾರ. ಬಿಳಿ ಗೋಡೆಗೆ ಒಗ್ಗಿಹೋದ ಊರವರು ಮೊದಮೊದಲು ಮುಖ ಸಿಂಡರಿಸುವುದುಂಟು.

ಆದರೆ ಸಭಾಂಗಣಕ್ಕೆ ಹಳೆಯ ಎತ್ತರ ಬಂದರೆ ಅದರ ಮಧ್ಯೆ ಕಟ್ಟಿಕೊಂಡಿದ್ದ ಕಚೇರಿಗಳಿಗೆ ಬೇರೆ ಜಾಗ ಬೇಕು. ಲಿಫ್ಟ್, ಗಾಲಿಕುರ್ಚಿಯ ಇಳಿಜಾರು ದಾರಿ, ಆರೋಪಿಗಳನ್ನು ಜನರ ನಡುವೆ ಹಾಯಿಸದೆ ಕರೆತರುವ ಹಾದಿ, ಬೆಂಕಿ ನಂದಿಸುವ ನೀರಿನ ಕೊಳವೆಗಳು, ಕಂಪ್ಯೂಟರ್ ತಂತಿಗಳು, ಇವಾವುವೂ 1897ರ ನಕ್ಷೆಯಲ್ಲಿಲ್ಲ. ಲಿಫ್ಟನ್ನು ಸಾಮಾನ್ಯವಾಗಿ ಹಳೆಯ ದಾಖಲೆ ಕೋಣೆಯ ಅಥವಾ ಶೌಚಾಲಯದ ಜಾಗದಲ್ಲಿ ಇಳಿಸುತ್ತಾರೆ. ಗಾಳಿಕೊಳವೆಗಳನ್ನು ಅಟ್ಟಕ್ಕೂ ನೆಲಮಾಳಿಗೆಗೂ ಹಂಚಿ, ನಡುವಿನ ಅಂತಸ್ತುಗಳಿಗೆ ಪೊಳ್ಳು ಗೋಡೆ ಅಥವಾ ಬಳಕೆ ತಪ್ಪಿದ ಹೊಗೆಗೂಡುಗಳಲ್ಲಿ ಏರಿಸುತ್ತಾರೆ. ನಡುಬಾವಿ ತೆರೆದಿಡಲು ಪ್ರತಿ ಅಂತಸ್ತಿನಲ್ಲಿ ಹೊಗೆ ಕಂಡೊಡನೆ ತಾನೇ ಮುಚ್ಚುವ ಬಾಗಿಲುಗಳನ್ನಿಟ್ಟು ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪಡೆಯುತ್ತಾರೆ. ಇಷ್ಟಾದರೂ ಕೈದಿಗಳ ಪ್ರಕರಣಗಳು ಮತ್ತು ಕ್ಲರ್ಕ್ ಕಡತಗಳು ಅನೇಕ ಕಡೆ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗಿವೆ. ಚೌಕದ ಅಂಗಡಿಯವರಿಗೆ ಅದೇ ದೊಡ್ಡ ಚಿಂತೆ. ಕ್ರಯಪತ್ರಕ್ಕೆ ಬಂದವನು ಮಧ್ಯಾಹ್ನದ ಊಟಕ್ಕೆ ಅಲ್ಲೇ ಕೂರುತ್ತಿದ್ದ. ಹಾಗಾಗಿ ಕಮಿಷನರ್ಸ್ ಕೋರ್ಟಿನ ಸಭೆಯನ್ನೂ ಕೌಂಟಿ ಜಡ್ಜ್ ಕಚೇರಿಯನ್ನೂ ಹಳೆಯ ಕಟ್ಟಡದಲ್ಲೇ ಉಳಿಸಿಕೊಳ್ಳಲು ಊರುಗಳು ಪಟ್ಟು ಹಿಡಿಯುತ್ತವೆ.

ಮುಗಿದ ಮೇಲೂ ಬಜೆಟ್ಟಿನಲ್ಲಿ ಪ್ರತಿವರ್ಷ ಒಂದು ಸಾಲು ಉಳಿಯಬೇಕು. ಮಳೆಗಾಲಕ್ಕೆ ಮೊದಲು ದೋಣಿಗಳ ಎಲೆ ತೆಗೆಯುವುದು, ಇಳಿಕೊಳವೆಯ ನೀರು ಪಾಯದಿಂದ ದೂರ ಹೋಗುತ್ತಿದೆಯೇ ನೋಡುವುದು, ಗೋಪುರದ ತೆರಪುಗಳ ಜಾಲರಿ ಹರಿದು ಪಾರಿವಾಳ ಸೇರದಂತೆ ಕಾಯುವುದು, ಮರದ ಕಿಟಕಿಗಳಿಗೆ ಏಳೆಂಟು ವರ್ಷಕ್ಕೊಮ್ಮೆ ಬಣ್ಣ. ಈ ಸಾಲನ್ನು ಕಮಿಷನರುಗಳು ಎರಡು ಬಜೆಟ್ ಕೈಬಿಟ್ಟರೆ ಸೋರಿಕೆ ಮೊದಲು ಕಾಣುವುದು ಸಭಾಂಗಣದ ಹೊಸ ಗಿಲಾವಿನ ಮೂಲೆಯಲ್ಲಿ, ಹಳದಿ ಕಲೆಯಾಗಿ.